ನೋವಿನ ನುಡಿ, ನೋವಿನ ನೆಲೆ: ಸ್ನಾಯು, ಎಲುಬು, ನರಗಳ ಬೇನೆಗಳು

ಮನೆಯ ಹಿರಿಯರೊಬ್ಬರು ಬೆಳಗ್ಗೆ ಎದ್ದು ನೆಲಕ್ಕೆ ಕಾಲೂರಲು ಕಷ್ಟಪಟ್ಟರೆ ಅದು ವಾಯು. ಅಧ್ಯಾಪಕರೊಬ್ಬರ ತೋಳು ಕರಿಹಲಗೆಯ ಎತ್ತರಕ್ಕೆ ಏಳದಿದ್ದರೆ ಅದೂ ವಾಯು. ಬಾಲಕನ ಮೊಣಕಾಲು ಊದಿದರೆ, ಗೃಹಿಣಿಯ ಕೈಬೆರಳು ರಾತ್ರಿ ಜೋಮು ಹಿಡಿದರೆ, ಮುದುಕಿಯ ಬೆನ್ನು ದಿನದಿನಕ್ಕೆ ಬಾಗಿದರೆ ಎಲ್ಲಕ್ಕೂ ವಾಯುವೇ ಕಾರಣವೆಂದು ಹೇಳಿ, ಒಂದಿಷ್ಟು ಎಣ್ಣೆ ತಿಕ್ಕಿ ಸುಮ್ಮನಾಗುವುದು ಕನ್ನಡ ನಾಡಿನ ಮನೆಮನೆಗಳಲ್ಲಿ ನಡೆದುಬಂದ ವಾಡಿಕೆ. ಎಣ್ಣೆಯಿಂದ ಉಪಶಮನವಾಗುವ ನೋವುಗಳಿಗೆ ಇದರಿಂದ ಹಾನಿಯೇನೂ ಇಲ್ಲ. ಆದರೆ ಈ ಒಂದೇ ಹೆಸರಿನ ಮರೆಯಲ್ಲಿ ಹತ್ತಾರು ಬೇರೆ ಬೇರೆ ಬೇನೆಗಳು ಅಡಗಿರುತ್ತವೆ. ಅವುಗಳಲ್ಲಿ ಕೆಲವು ವಿಶ್ರಾಂತಿಯಿಂದ ತಾವಾಗಿಯೇ ಮಾಯುವಂಥವು. ಕೆಲವು ಸಕಾಲದಲ್ಲಿ ಗುರುತಿಸದಿದ್ದರೆ ಜೀವಮಾನದ ಅಂಗವೈಕಲ್ಯಕ್ಕೆ, ಕ್ವಚಿತ್ತಾಗಿ ಪ್ರಾಣಾಪಾಯಕ್ಕೆ ಎಡೆಗೊಡುವಂಥವು.

ಈ ವಾಡಿಕೆಗೆ ಪ್ರಾಚೀನ ಶಾಸ್ತ್ರವನ್ನು ಹೊಣೆ ಮಾಡುವುದು ನ್ಯಾಯವಲ್ಲ. ಚರಕಸಂಹಿತೆಯು ವಾತಮೂಲವಾದ ವಿಕಾರಗಳು 80 ಎಂದು ಎಣಿಸಿ ಒಂದೊಂದನ್ನೂ ಬೇರೆ ಹೆಸರಿನಿಂದ ನಿರ್ದೇಶಿಸಿದೆ. ಸೊಂಟದಿಂದ ತೊಡೆಯ ಹಿಂಬದಿಯಲ್ಲಿ ಪಾದದವರೆಗೆ ಇಳಿಯುವ ನೋವಿಗೆ ಗೃಧ್ರಸೀ ಎಂಬ ಹೆಸರಿದೆ. ಗೃಧ್ರವೆಂದರೆ ಹದ್ದು, ಆ ನೋವುಳ್ಳವನು ಹದ್ದಿನಂತೆ ವಾಲಾಡುತ್ತ ನಡೆಯುತ್ತಾನೆಂಬುದರಿಂದ ಆ ಹೆಸರು ಬಂದಿತೆಂದು ವಿವರಿಸುತ್ತಾರೆ. ಆಮವಾತ, ವಾತರಕ್ತ, ಅರ್ದಿತ, ಪಕ್ಷಾಘಾತ ಎಂಬ ಬೇರೆ ಬೇರೆ ಸಂಜ್ಞೆಗಳು ಬೇರೆ ಬೇರೆ ರೋಗಗಳನ್ನು ಸೂಚಿಸುತ್ತವೆ. ಎಲ್ಲವನ್ನೂ ಒಂದು ಮಾಡಿ ವಾಯುವೆಂದು ಕರೆದದ್ದು ಶಾಸ್ತ್ರವಲ್ಲ, ವಿಚಾರಮಾಡುವ ಶ್ರಮಕ್ಕೆ ಹಿಂಜರಿದ ಲೋಕರೂಢಿ.

ಗಮನಿಸಬೇಕಾದ ಸಂಗತಿಯೆಂದರೆ ಕನ್ನಡ ನುಡಿಯಲ್ಲಿಯೇ ಈ ವಿವೇಚನೆಗೆ ಬೇಕಾದ ಸಾಮಗ್ರಿಯಿದೆ. ಸೆಳೆತ, ಪೆಡಸು, ಉಳುಕು, ಹಿಡಿತ, ಚಳಕು, ಉರಿ, ಜೋಮು, ಮರಗಟ್ಟುವಿಕೆ ಇವೆಲ್ಲ ಪರ್ಯಾಯಪದಗಳಲ್ಲ. ಸೆಳೆತ, ಪೆಡಸುಗಳು ಬಹುಮಟ್ಟಿಗೆ ಸ್ನಾಯುವಿನ ಮಾತು. ಉಳುಕು, ಹಿಡಿತ, ಊತಗಳು ಕೀಲಿನ ಮಾತು. ಮಿಂಚಿನಂತೆ ಹರಿಯುವ ಚಳಕು, ಉರಿ, ಜೋಮು, ಮರಗಟ್ಟುವಿಕೆಗಳು ನರದ ಮಾತು. ನೋವುಂಡವನು ಆಡುವ ಪದವನ್ನು ಕಿವಿಗೊಟ್ಟು ಕೇಳಿದರೆ ಬೇನೆಯ ನೆಲೆ ಎಲ್ಲಿಯದೆಂಬುದು ಅರ್ಧಕ್ಕರ್ಧ ತಿಳಿಯುತ್ತದೆ. ನೆಲೆ ತಿಳಿದರೆ ಕಾರಣವನ್ನು ಹುಡುಕಬಹುದು; ಕಾರಣ ತಿಳಿದರೆ ಎಷ್ಟೋ ಬೇನೆಗಳನ್ನು ಬಾರದಂತೆಯೇ ತಡೆಯಬಹುದು.

ಒಂದು ಪದದ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಆಡುಮಾತಿನಲ್ಲಿ "ನರ" ಎಂಬ ಶಬ್ದಕ್ಕೆ ಮೂರು ಅರ್ಥಗಳಿವೆ. ಮುಂಗೈಯಲ್ಲಿ ನೀಲಿಯಾಗಿ ಎದ್ದು ಕಾಣುವುದನ್ನು ನರವೆನ್ನುತ್ತಾರೆ. ಅದು ವಾಸ್ತವವಾಗಿ ರಕ್ತನಾಳ. ಹಿಮ್ಮಡಿಯ ಮೇಲಿನ ಗಟ್ಟಿಯಾದ ಹುರಿಯನ್ನು ನರವೆನ್ನುತ್ತಾರೆ. ಅದು ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು. ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು ಸಂವೇದನೆಯನ್ನೂ ಆಜ್ಞೆಯನ್ನೂ ಒಯ್ಯುವ ನಿಜವಾದ ನರ ಬರಿಗಣ್ಣಿಗೆ ಚರ್ಮದ ಮೇಲಿಂದ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಪ್ರಕೃತ ಲೇಖನದಲ್ಲಿ ಆ ಶಬ್ದವನ್ನು ಈ ಮೂರನೆಯ ಅರ್ಥದಲ್ಲಿಯೇ ಬಳಸಲಾಗಿದೆ.

ಸ್ನಾಯುವಿನ ಬೇನೆಗಳು

ಮಾನವ ಶರೀರದಲ್ಲಿ 600ಕ್ಕೂ ಹೆಚ್ಚು ಸ್ನಾಯುಗಳಿವೆ. ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲ. ಆದ್ದರಿಂದಲೇ ಅವು ಜೋಡಿಯಾಗಿ ಕೆಲಸ ಮಾಡುತ್ತವೆ. ತೋಳಿನ ಮುಂದಣ ಸ್ನಾಯು ಕುಗ್ಗಿದಾಗ ಮೊಣಕೈ ಮಡಿಯುತ್ತದೆ. ಹಿಂದಣದು ಕುಗ್ಗಿದಾಗ ಅದು ನೀಳವಾಗುತ್ತದೆ. ಒಂದು ಕುಗ್ಗಿ ಇನ್ನೊಂದು ಸಡಿಲವಾಗುವ ಈ ಸರದಿ ಕೆಟ್ಟಾಗ ನೋವು ಹುಟ್ಟುತ್ತದೆ.

ಸ್ನಾಯುವಿನ ನೋವಿಗೆ ಮೊದಲ ಕಾರಣ ಅಭ್ಯಾಸವಿಲ್ಲದ ದುಡಿಮೆ. ವರ್ಷವಿಡೀ ಕುಳಿತಿದ್ದವನು ಒಂದು ದಿನ ತೋಟದಲ್ಲಿ ಗುದ್ದಲಿ ಹಿಡಿದರೆ ಮೈಕೈ ನೋಯುವುದು ಅಂದಲ್ಲ. ಮರುದಿನ ಅಥವಾ ಅದರ ಮರುದಿನ. ಸ್ನಾಯುವಿನ ಎಳೆಗಳಲ್ಲಿ ಆದ ಅತಿಸೂಕ್ಷ್ಮ ಗಾಯಗಳು ದುರಸ್ತಿಯಾಗುವ ಕಾಲದ ನೋವು ಅದು. ಕೆಲವು ದಿನಗಳಲ್ಲಿ ತಾನೇ ಶಮನವಾಗಿ ಸ್ನಾಯು ಮೊದಲಿಗಿಂತ ಬಲವಾಗುತ್ತದೆ. ಎರಡನೆಯ ಕಾರಣ ಇದಕ್ಕೆ ವಿರುದ್ಧವಾದುದು: ಅಲುಗಾಡದಿರುವಿಕೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಬಿಗಿದುಕೊಂಡ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಪೋಷಣೆ ಕುಂದಿ ಬಳಲುತ್ತದೆ. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋಗ್ರಾಂ. ತಲೆ ನೆಟ್ಟಗಿದ್ದಾಗ ಆ ಭಾರವನ್ನು ಬೆನ್ನೆಲುಬು ಹೊರುತ್ತದೆ. ಮುಂದಕ್ಕೆ ಬಾಗಿದಾಗ ಕತ್ತಿನ ಹಿಂದಣ ಸ್ನಾಯುಗಳು ಅದರ ಹಲವು ಪಟ್ಟು ಎಳೆತವನ್ನು ತಾಳಿಕೊಳ್ಳಬೇಕಾಗುತ್ತದೆ. ಮೊಬೈಲ್ ದೂರವಾಣಿಯ ಮೇಲೆ ಬಾಗಿದ ಇಂದಿನ ತರುಣರ ಕತ್ತುನೋವಿಗೂ ಉತ್ತರಪತ್ರಿಕೆಗಳ ಮೇಲೆ ಬಾಗಿದ ಅಧ್ಯಾಪಕರ ಕತ್ತುನೋವಿಗೂ ಮೂಲ ಒಂದೇ. ಹಿಂದಿನ ವಿದ್ವಾಂಸರು ಓಲೆಗರಿಗಳನ್ನೂ ಹೊತ್ತಿಗೆಗಳನ್ನೂ ವ್ಯಾಸಪೀಠದ ಮೇಲಿಟ್ಟು ಓದುತ್ತಿದ್ದುದರಲ್ಲಿ ಗ್ರಂಥಗೌರವದ ಜೊತೆಗೆ ಕತ್ತಿನ ಹಿತವೂ ಅಡಗಿತ್ತು.

ಅಧ್ಯಾಪಕ ವೃತ್ತಿಗೆ ಅಂಟಿಕೊಂಡ ಬೇನೆಗಳು ಇನ್ನೆರಡಿವೆ. ದಿನಕ್ಕೆ ನಾಲ್ಕೈದು ಗಂಟೆ ಗಟ್ಟಿ ನೆಲದ ಮೇಲೆ ನಿಂತು ಪಾಠ ಹೇಳುವವರಿಗೆ ಹಿಮ್ಮಡಿಯ ನೋವು ಬರುವುದುಂಟು. ಬೆಳಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಕೆಲವು ಹೆಜ್ಜೆಗಳಲ್ಲಿಯೇ ಅದು ತೀವ್ರವಾಗಿರುವುದು ಅದರ ಗುರುತು. ಅಂಗಾಲಿನಡಿಯ ಗಟ್ಟಿ ಪೊರೆ ಹಿಮ್ಮಡಿಗೆ ಅಂಟಿದ ಸ್ಥಳದಲ್ಲಿ ಜಗ್ಗಿ ಸವೆಯುವುದೇ ಇದರ ಕಾರಣ. ಮೆತ್ತನೆಯ ಪಾದರಕ್ಷೆ, ಮೀನಖಂಡವನ್ನು ನೀಳವಾಗಿಸುವ ವ್ಯಾಯಾಮ, ನಡುನಡುವೆ ಕುಳಿತುಕೊಳ್ಳುವುದು ಇವುಗಳಿಂದ ಬಹುಪಾಲು ಜನರಿಗೆ ಗುಣವಾಗುತ್ತದೆ. ಇನ್ನೊಂದು, ಭುಜ ಬಿಗಿದುಕೊಳ್ಳುವುದು. ಸಾಮಾನ್ಯವಾಗಿ 40ರಿಂದ 60ರ ವಯಸ್ಸಿನಲ್ಲಿ ಭುಜದ ಕೀಲನ್ನು ಸುತ್ತಿದ ಚೀಲ ದಪ್ಪವಾಗಿ ಕುಗ್ಗುತ್ತದೆ. ಅಂಗಿ ತೊಡುವುದೂ ತಲೆ ಬಾಚುವುದೂ ಕಷ್ಟವಾಗುತ್ತದೆ. ಸಿಹಿಮೂತ್ರ ರೋಗಿಗಳಲ್ಲಿ ಇದು ಹೆಚ್ಚು. ಆದುದರಿಂದ ಹೀಗೆ ಭುಜ ಹಿಡಿದವರು ರಕ್ತದ ಸಕ್ಕರೆಯನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ವಿವೇಕ.

ಉಳುಕಿನ ಬಗೆಗೂ ಒಂದು ಮಾತು. ಕೀಲಿನಲ್ಲಿ ಎರಡು ಎಲುಬುಗಳನ್ನು ಕಟ್ಟಿಹಿಡಿದ ಅಸ್ಥಿಬಂಧವು ಹಿಗ್ಗಿ ಎಳೆ ಹರಿದರೆ ಅದು ಉಳುಕು. ಉಳುಕಿದೊಡನೆ ಬಲವಾಗಿ ತಿಕ್ಕುವುದು ಊತವನ್ನು ಹೆಚ್ಚಿಸುತ್ತದೆ. ಮೊದಲ ಒಂದೆರಡು ದಿನ ತಣ್ಣೀರಿನ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜಿನ ಪಟ್ಟಿ, ಹದವಾದ ಕಟ್ಟು, ಕಾಲನ್ನು ಎತ್ತರದಲ್ಲಿಟ್ಟು ವಿಶ್ರಾಂತಿ ಇವು ಸಾಕು. ನಾಲ್ಕು ಹೆಜ್ಜೆಯನ್ನೂ ಇಡಲಾಗದಿದ್ದರೆ ಎಲುಬು ಮುರಿದಿರಬಹುದೆಂದು ಶಂಕಿಸಿ ಕ್ಷಕಿರಣ ಚಿತ್ರ ತೆಗೆಸತಕ್ಕದ್ದು.

ಎಲುಬು ಮತ್ತು ಕೀಲುಗಳು

ಎಲುಬೆಂದರೆ ಒಣಮರದ ತೊಲೆಯಂತೆ ನಿರ್ಜೀವವಾದುದೆಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಅದು ರಕ್ತಸಂಚಾರವುಳ್ಳ ಜೀವಂತ ಧಾತು. ಹಳೆಯ ಎಲುಬನ್ನು ಕರಗಿಸುವ ಜೀವಕೋಶಗಳೂ ಹೊಸ ಎಲುಬನ್ನು ಕಟ್ಟುವ ಜೀವಕೋಶಗಳೂ ಅದರಲ್ಲಿ ಹಗಲಿರುಳೂ ದುಡಿಯುತ್ತಿರುತ್ತವೆ. ಪ್ರಾಪ್ತವಯಸ್ಕರಲ್ಲಿರುವ 206 ಎಲುಬುಗಳು ಶರೀರದ ಕ್ಯಾಲ್ಸಿಯಂನ ಶೇಕಡ 99ರಷ್ಟು ಭಾಗದ ಉಗ್ರಾಣ. ಬಾಲ್ಯ ಮತ್ತು ತಾರುಣ್ಯದಲ್ಲಿ ಕಟ್ಟುವ ಕೆಲಸ ಮೇಲುಗೈಯಾಗಿರುತ್ತದೆ; ಸುಮಾರು 30ರ ವಯಸ್ಸಿನೊಳಗೆ ಎಲುಬಿನ ಸಾಂದ್ರತೆ ಪರಮಾವಧಿಯನ್ನು ಮುಟ್ಟುತ್ತದೆ. ಅನಂತರದ ಜೀವಿತವೆಲ್ಲ ಆ ಸಂಚಯದಿಂದ ಖರ್ಚು ಮಾಡುವ ಕಾಲ. ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷ ಈ ಖರ್ಚು ಅತಿವೇಗವಾಗಿ ನಡೆಯುತ್ತದೆ. ಎಲುಬು ಒಳಗೊಳಗೇ ಜೊಳ್ಳಾಗುತ್ತ ಹೋದರೂ ಆರಂಭದಲ್ಲಿ ನೋವೆಂಬುದಿಲ್ಲ. ಬಚ್ಚಲಲ್ಲಿ ಜಾರಿಬಿದ್ದಾಗ ಸೊಂಟ ಮುರಿಯುವುದು, ಕೈಯೂರಿದಾಗ ಮಣಿಕಟ್ಟು ಮುರಿಯುವುದು, ಬೆನ್ನಿನ ಕಶೇರುಕಗಳು ಕುಸಿದು ಎತ್ತರ ಕುಗ್ಗಿ ಬೆನ್ನು ಬಾಗುವುದು ಇದರ ಫಲ. ಮುದುಕಿಯ ಗೂನು ವಯೋಧರ್ಮವೆಂದು ಬಿಟ್ಟುಬಿಡತಕ್ಕದ್ದಲ್ಲ. ಅದು ಹೆಚ್ಚದಂತೆ ತಡೆಯುವ ಔಷಧಗಳು ಇಂದು ಇವೆ.

ಈ ಸಂಚಯಕ್ಕೆ ಬೇಕಾದವು ಮೂರು: ಆಹಾರದಲ್ಲಿ ಕ್ಯಾಲ್ಸಿಯಂ, ಅದನ್ನು ಕರುಳು ಹೀರಿಕೊಳ್ಳಲು ನೆರವಾಗುವ ಡಿ ಜೀವಸತ್ವ, ಎಲುಬಿನ ಮೇಲೆ ಭಾರ ಬೀಳುವಂಥ ಓಟ, ಆಟ, ದುಡಿಮೆ. ಕನ್ನಡಿಗರ ರಾಗಿ ಈ ವಿಷಯದಲ್ಲಿ ಧಾನ್ಯಗಳಲ್ಲೆಲ್ಲ ಅಗ್ರಗಣ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪ್ರಾಪ್ತವಯಸ್ಕರಿಗೆ ದಿನಕ್ಕೆ ಬೇಕಾಗುವುದು ಸುಮಾರು 1000 ಮಿಲಿಗ್ರಾಂ. ಹಾಲು, ಮೊಸರು, ಎಳ್ಳು, ಸೊಪ್ಪುಗಳು ಉಳಿದುದನ್ನು ಒದಗಿಸಬಲ್ಲವು. ಡಿ ಜೀವಸತ್ವವನ್ನಾದರೋ ಚರ್ಮವು ಬಿಸಿಲಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಬಿಸಿಲಿಗೆ ಕೊರತೆಯಿಲ್ಲದ ಭಾರತದಲ್ಲಿಯೂ ಅದರ ಕೊರತೆ ವ್ಯಾಪಕವಾಗಿರುವುದು ಒಳಾಂಗಣ ಜೀವನದ ಫಲ. ಮಕ್ಕಳಲ್ಲಿ ಅದರ ತೀವ್ರ ಅಭಾವದಿಂದ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ; ದೊಡ್ಡವರಲ್ಲಿ ಎಲುಬು ಮೆತ್ತಗಾಗಿ ಮೈಯೆಲ್ಲ ನೋಯುತ್ತದೆ, ತೊಡೆಗಳು ಸೋಲುತ್ತವೆ.

ಕೀಲುಗಳ ಬೇನೆಯಲ್ಲಿ ಮುಖ್ಯವಾಗಿ ಮೂರನ್ನು ಬೇರ್ಪಡಿಸಿ ತಿಳಿಯಬೇಕು. ಮೊದಲನೆಯದು ಸವೆತದ ಸಂಧಿವಾತ. ಎಲುಬುಗಳ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿ ಸವೆದು ಮೊಣಕಾಲಿನಂಥ ಭಾರ ಹೊರುವ ಕೀಲುಗಳು ನೋಯುತ್ತವೆ. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ನಡೆದಷ್ಟೂ, ಮೆಟ್ಟಿಲು ಹತ್ತಿದಷ್ಟೂ ನೋವು ಏರುತ್ತದೆ. ನಡೆಯುವಾಗ ಮೊಣಕಾಲಿನ ಮೇಲೆ ಬೀಳುವ ಹೊರೆ ದೇಹದ ತೂಕದ ಎರಡು ಮೂರು ಪಟ್ಟು ಇರುವುದರಿಂದ ಬೊಜ್ಜನ್ನು ಇಳಿಸುವುದೂ ತೊಡೆಯ ಸ್ನಾಯುಗಳನ್ನು ಬಲಪಡಿಸುವುದೂ ಇದರ ಪ್ರಧಾನ ಚಿಕಿತ್ಸೆ. ಎರಡನೆಯದು ಆಮವಾತ. ಶರೀರವನ್ನು ಕಾಯಬೇಕಾದ ರೋಗನಿರೋಧ ಶಕ್ತಿಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ಎರಗುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳು ಊದುತ್ತವೆ, ಬೆಳಗಿನ ಬಿಗಿತ ಗಂಟೆಗೂ ಮೀರುತ್ತದೆ. ಪುರುಷರಿಗಿಂತ ಸ್ತ್ರೀಯರಿಗೆ ಇದು ಎರಡು ಮೂರು ಪಟ್ಟು ಹೆಚ್ಚು. ಆರಂಭದ ತಿಂಗಳುಗಳಲ್ಲಿಯೇ ಚಿಕಿತ್ಸೆ ದೊರೆತರೆ ಕೀಲುಗಳು ಉಳಿಯುತ್ತವೆ. ವಾಯುವೆಂದು ವರ್ಷ ಕಳೆದರೆ ಬೆರಳುಗಳು ಸೊಟ್ಟಗಾಗಿ ಮತ್ತೆ ಸರಿಯಾಗವು. ಮೂರನೆಯದು ವಾತರಕ್ತ. ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಶೇಖರವಾಗಿ, ಬಹುಶಃ ನಡುರಾತ್ರಿಯಲ್ಲಿ, ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ ಬಟ್ಟೆ ಸೋಕಿದರೂ ತಾಳಲಾರದಷ್ಟು ನೋಯುತ್ತದೆ.

ಇವೆಲ್ಲಕ್ಕಿಂತ ಶಾಲೆಯವರು ಮರೆಯಬಾರದ ಒಂದು ಕೀಲುಬೇನೆಯುಂಟು. 5ರಿಂದ 15ರ ವಯಸ್ಸಿನ ಮಕ್ಕಳಲ್ಲಿ ಗಂಟಲು ನೋವು, ಜ್ವರ ಬಂದು ಹೋದ ಎರಡು ಮೂರು ವಾರಗಳ ತರುವಾಯ ದೊಡ್ಡ ಕೀಲುಗಳು ಒಂದಾದ ಮೇಲೊಂದು ಊದುತ್ತವೆ. ಇಂದು ಮೊಣಕಾಲು, ನಾಳಿದ್ದು ಹರಡು, ಅನಂತರ ಮೊಣಕೈ ಹೀಗೆ ನೋವು ಸಂಚರಿಸುತ್ತದೆ. ಇದು ಸಂಧಿಜ್ವರ. ಕೀಲುಗಳಿಗೆ ಶಾಶ್ವತ ಹಾನಿ ಮಾಡದೆ ಅದು ಹೊರಟುಹೋಗುತ್ತದೆ. ಆದರೆ ಹೃದಯದ ಕವಾಟಗಳನ್ನು ಕೆಡಿಸಿ ಹೋಗಬಲ್ಲದು. ಬೆಳೆಯುವ ಮಕ್ಕಳ ಕಾಲುನೋವೆಂದು ಅಲಕ್ಷಿಸಿದುದರ ಪರಿಣಾಮ ಇಪ್ಪತ್ತರ ಹರೆಯದಲ್ಲಿ ಏದುಸಿರಾಗಿ ಗೋಚರಿಸುತ್ತದೆ. ಬೆಳವಣಿಗೆಯ ನೋವಾದರೋ ರಾತ್ರಿ ಎರಡೂ ಕಾಲುಗಳ ಸ್ನಾಯುಗಳಲ್ಲಿ ಕಾಣಿಸಿ ಬೆಳಗ್ಗೆ ಇಲ್ಲವಾಗುತ್ತದೆ. ಅದರಲ್ಲಿ ಊತವಾಗಲಿ ಜ್ವರವಾಗಲಿ ಕುಂಟುವಿಕೆಯಾಗಲಿ ಇರುವುದಿಲ್ಲ. ಈ ಭೇದವನ್ನು ಬಲ್ಲ ಅಧ್ಯಾಪಕನೊಬ್ಬನು ಒಂದು ಹೃದಯವನ್ನು ಉಳಿಸಬಲ್ಲನು.

ಕನ್ನಡ ನಾಡಿನ ನೀರು ಮತ್ತು ಎಲುಬು

ಎಲುಬಿನ ಬೇನೆಗೆ ಕುಡಿಯುವ ನೀರೂ ಕಾರಣವಾಗಬಲ್ಲದು. ಭಾರತದಲ್ಲಿ ಫ್ಲೋರೈಡಿನಿಂದಾಗುವ ಅಸ್ಥಿರೋಗವನ್ನು 1937ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವೈದ್ಯರು ವರದಿ ಮಾಡಿದರು. ಕೆಲವು ಬಗೆಯ ಶಿಲೆಗಳಿಂದ ಫ್ಲೋರೈಡು ಅಂತರ್ಜಲಕ್ಕೆ ಇಳಿಯುತ್ತದೆ. ಮಳೆ ಕಡಮೆಯಾಗಿ ಕೊಳವೆಬಾವಿಗಳು ಆಳವಾದಂತೆ ಅನೇಕ ಕಡೆ ಅದರ ಪ್ರಮಾಣ ಏರಿದೆ. ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ಬಯಲುಸೀಮೆಯ ತಾಲ್ಲೂಕುಗಳಿಗೆ ಈ ಪೀಡೆ ಪರಿಚಿತ. ಲೀಟರಿಗೆ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಾಗ 1.5 ಮಿಲಿಗ್ರಾಂ ಗರಿಷ್ಠ ಮಿತಿಯೆಂದು ಭಾರತೀಯ ಮಾನಕ ವಿಧಿಸಿದೆ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಎಲುಬು ವಿಪರೀತವಾಗಿ ಬೆಳೆದು ಅಸ್ಥಿಬಂಧಗಳೂ ಗಟ್ಟಿಯಾಗುತ್ತವೆ. ಬೆನ್ನು, ಕತ್ತುಗಳು ಬಗ್ಗದಂತಾಗಿ, ಮುಂದುವರಿದ ಸ್ಥಿತಿಯಲ್ಲಿ ಬೆನ್ನುಹುರಿಯೇ ಅದುಮಿಹೋಗುತ್ತದೆ. ನೀರನ್ನು ಕಾಯಿಸುವುದರಿಂದ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಈ ರೋಗದ ಮೊದಲ ಸಾಕ್ಷಿ ತರಗತಿಯಲ್ಲಿಯೇ ದೊರೆಯುತ್ತದೆ. ಎಲುಬು ಕೆಡುವುದಕ್ಕೆ ಬಹಳ ಮೊದಲು, ಹಲ್ಲುಗಳು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲುಗಳ ಮೇಲೆ ಬಿಳಿ, ಹಳದಿ, ಕಂದು ಪಟ್ಟೆಗಳು ಮೂಡುತ್ತವೆ. ಒಂದೇ ಊರಿನ ಹಲವು ಮಕ್ಕಳ ನಗೆಯಲ್ಲಿ ಅಂಥ ಪಟ್ಟೆ ಕಂಡರೆ ಹಲ್ಲುಜ್ಜದ ದೋಷವೆಂದು ಗದರಿಸದೆ ಆ ಊರಿನ ನೀರನ್ನು ಪರೀಕ್ಷೆಗೆ ಕಳುಹಿಸುವುದು ಅಧ್ಯಾಪಕರು ಮಾಡಬಹುದಾದ ದೊಡ್ಡ ಉಪಕಾರ.

ಕಾರಣವನ್ನು ಹುಡುಕುವ ದಾರಿ ಎಷ್ಟು ಕಠಿನವೆಂಬುದಕ್ಕೆ ಮಲೆನಾಡಿನ ಒಂದು ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1975ರಲ್ಲಿ ಬೆಳಕಿಗೆ ಬಂದ ರೋಗವು ಸೊಂಟ, ತೊಡೆಸಂದು, ಬೆನ್ನುಗಳ ಕೀಲುಗಳನ್ನು ಕೆಡಿಸಿ ದುಡಿಯುವ ಜನರನ್ನು ನೆಲಹಿಡಿಸಿತು. ಕೆಲವರ ಎತ್ತರವೇ ಕುಂಠಿತವಾಯಿತು. ಗದ್ದೆಯ ಏಡಿ, ಮೀನುಗಳಲ್ಲಿ ಸೇರಿದ ಕೀಟನಾಶಕವೇ ಕಾರಣವೆಂದು ಮೊದಲು ಶಂಕಿಸಲಾಯಿತು. ಮುಂದಿನ ಸಂಶೋಧನೆಗಳು ಕುಟುಂಬಗಳ ವಂಶಾವಳಿಯನ್ನು ಪರಿಶೀಲಿಸಿ, ಅದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ಆನುವಂಶಿಕ ಅಸ್ಥಿದೋಷವೆಂದು ತೋರಿಸಿದವು. ಒಂದೇ ನಾಡಿನಲ್ಲಿ ಒಂದೆಡೆ ನೀರು, ಇನ್ನೊಂದೆಡೆ ವಂಶ! ಕುಂಟುವ ಇಬ್ಬರು ಹೊರನೋಟಕ್ಕೆ ಸಮಾನರಾಗಿ ಕಂಡರೂ ಅವರ ಬೇನೆಯ ಮೂಲಗಳು ಇಷ್ಟು ದೂರದವಾಗಿರಬಲ್ಲವು.

ನರಗಳ ಬೇನೆಗಳು

ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಅವುಗಳ ಬೇನೆಯ ವಿಶೇಷವೆಂದರೆ ಕೆಡುಕಾದ ಸ್ಥಳವೇ ಒಂದು, ನೋವು ಕಾಣುವ ಸ್ಥಳವೇ ಇನ್ನೊಂದು. ಬೆನ್ನೆಲುಬಿನ ಕಶೇರುಕಗಳ ನಡುವಿನ ಮೆತ್ತೆಯಂಥ ತಟ್ಟೆ ಬಿರಿದು ಹೊರಚಾಚಿ ನರದ ಬುಡವನ್ನು ಒತ್ತಿದರೆ ಸೊಂಟಕ್ಕಿಂತ ಕಾಲಿನಲ್ಲಿಯೇ ಚಳಕು ಹೆಚ್ಚು. ಗೃಧ್ರಸಿಗೆ ಈ ತಟ್ಟೆಯೂ ಕಾರಣವೆಂಬುದನ್ನು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಸ್ಪಷ್ಟಪಡಿಸಿದರು. ಬಹುಪಾಲು ರೋಗಿಗಳಿಗೆ ಶಸ್ತ್ರಕ್ರಿಯೆಯಿಲ್ಲದೆಯೇ ವಾರಗಳಲ್ಲಿ ಗುಣ ಕಾಣುತ್ತದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕೆಂಬ ಹಳೆಯ ಉಪದೇಶವನ್ನು ವೈದ್ಯರು ಇಂದು ಕೈಬಿಟ್ಟಿದ್ದಾರೆ. ತಾಳುವಷ್ಟು ನಡೆದಾಡುವುದೇ ಹಿತ. ಆದರೆ ಪಾದ ಮೇಲೇಳದಂತಾದರೆ, ಗುಹ್ಯಪ್ರದೇಶ ಮರಗಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಬೆನ್ನುನೋವಿನ ಜೊತೆ ಸಂಜೆಯ ಜ್ವರವೂ ತೂಕದ ಇಳಿತವೂ ಇದ್ದರೆ ಬೆನ್ನೆಲುಬಿನ ಕ್ಷಯವನ್ನು ಶಂಕಿಸಬೇಕು. ಅದು ಸಕಾಲಿಕ ಔಷಧದಿಂದ ಗುಣವಾಗುವ ರೋಗ.

ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದು, ಎದ್ದು ಕೈ ಕೊಡವಿದರೆ ಹಗುರವಾಗುವುದು ಮಣಿಕಟ್ಟಿನಲ್ಲಿ ನರವೊಂದು ಅದುಮಿರುವುದರ ಲಕ್ಷಣ. ಗರ್ಭಿಣಿಯರಲ್ಲಿಯೂ ಥೈರಾಯಿಡ್ ಗ್ರಂಥಿ ಮಂದವಾದವರಲ್ಲಿಯೂ ಕೈಗೆ ಬಿಡುವಿಲ್ಲದ ದುಡಿಮೆಯವರಲ್ಲಿಯೂ ಇದು ಹೆಚ್ಚು. ಎರಡೂ ಅಂಗಾಲುಗಳಲ್ಲಿ ಉರಿ, ಇರುವೆ ಹರಿದಂಥ ಅನುಭವ ಕಂಡರೆ ಸಿಹಿಮೂತ್ರ ರೋಗವನ್ನು ಮೊದಲು ನೆನೆಯಬೇಕು. ಉರಿಗಿಂತಲೂ ಅಪಾಯಕಾರಿಯಾದುದು ಉರಿ ನಿಂತು ಪಾದ ಮರಗಟ್ಟುವುದು. ಅಂಥವರು ದೇವಾಲಯದ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆದರೆ ಬೊಬ್ಬೆಯೆದ್ದುದೂ ತಿಳಿಯುವುದಿಲ್ಲ. ಪಾದಯಾತ್ರೆಯಲ್ಲಿ ಚುಚ್ಚಿದ ಮುಳ್ಳೂ ತಿಳಿಯುವುದಿಲ್ಲ. ಆ ಗಾಯವೇ ಹುಣ್ಣಾಗಿ ಕಾಲನ್ನು ಕಳೆದುಕೊಂಡವರಿದ್ದಾರೆ. ನಿತ್ಯವೂ ಮಲಗುವ ಮುನ್ನ ಅಂಗಾಲನ್ನು ಕಣ್ಣಾರೆ ನೋಡಿಕೊಳ್ಳುವುದು ಅವರಿಗೆ ನಿಯಮವಾಗಬೇಕು.

ಸಸ್ಯಾಹಾರಿಗಳು ತಿಳಿದಿರಬೇಕಾದ ಇನ್ನೊಂದು ಕಾರಣ ಬಿ-12 ಜೀವಸತ್ವದ ಅಭಾವ. ಈ ಜೀವಸತ್ವ ಧಾನ್ಯ, ಬೇಳೆ, ತರಕಾರಿಗಳಲ್ಲಿ ಇಲ್ಲ. ಸಸ್ಯಾಹಾರಿಗೆ ಅದು ಹಾಲು, ಮೊಸರುಗಳಿಂದಲೇ ದೊರೆಯಬೇಕು. ಮಜ್ಜಿಗೆಗೆ ನೀರು ಹೆಚ್ಚಿ ಹಾಲು ಕಡಮೆಯಾದ ಮನೆಗಳಲ್ಲಿ, ವಿಶೇಷವಾಗಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ಗೃಹಿಣಿಯರಲ್ಲಿ, ಇದರ ಕೊರತೆ ಸುಲಭವಾಗಿ ತಲೆದೋರುತ್ತದೆ. ಕೈಕಾಲು ಜೋಮು, ನಡೆಯುವಾಗ ತೂರಾಟ, ಬಾಯಿಹುಣ್ಣು, ಆಯಾಸ, ಮರೆವು ಇವು ಅದರ ಸೂಚನೆ. ಸಸ್ಯಾಹಾರವನ್ನು ತೊರೆಯಬೇಕಾದ ಅಗತ್ಯವಿಲ್ಲ. ರಕ್ತಪರೀಕ್ಷೆ ಮಾಡಿಸಿ ವೈದ್ಯರು ಕೊಡುವ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಕೊರತೆ ತುಂಬುತ್ತದೆ. ತಡವಾದರೆ ಮಾತ್ರ ನರದ ಹಾನಿ ಪೂರ್ತಿ ಮಾಯದು. ಚರ್ಮದ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೆ ನಾಚಿ ಮುಚ್ಚಿಡದೆ ತೋರಿಸಬೇಕು. ಕುಷ್ಠದ ರೋಗಾಣುವನ್ನು 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದನು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ದೊರೆಯುವ ಉಚಿತ ಔಷಧದಿಂದ ಅದು ಸಂಪೂರ್ಣ ಗುಣವಾಗುತ್ತದೆ.

ಒಮ್ಮೆಲೇ ಮುಖ ಒಂದು ಪಕ್ಕಕ್ಕೆ ಜಗ್ಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಕೈಯ ಬೇನೆಯಲ್ಲ, ಮಿದುಳಿನದು. ರಕ್ತ ಹೆಪ್ಪುಗಟ್ಟಿ ಆಗುವ ಪಕ್ಷವಾತದಲ್ಲಿ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಣ್ಣೆ ತಿಕ್ಕುತ್ತ ಕಳೆದ ಹೊತ್ತು ಮರಳಿ ಬರುವುದಿಲ್ಲ.

ಚಿಕಿತ್ಸೆಯಲ್ಲಿ ವಿವೇಕ

ಮೂಳೆ ಕಟ್ಟುವ ನಾಟಿ ವೈದ್ಯರಲ್ಲಿ ಅನುಭವಿಗಳಿಲ್ಲವೆಂದಲ್ಲ. ಆದರೆ ಮುರಿದ ಕೈಗೆ ಬಿದಿರು ದಬ್ಬೆಯಿಟ್ಟು ಅತಿಯಾಗಿ ಬಿಗಿದಾಗ ರಕ್ತಸಂಚಾರ ನಿಂತು ಸ್ನಾಯು ಸತ್ತು ಕೈ ಕೊಕ್ಕೆಯಂತೆ ಮುರುಟುವುದುಂಟು. ಕಟ್ಟಿದ ಮೇಲೆ ಬೆರಳು ನೀಲಿಯಾದರೆ, ತಣ್ಣಗಾದರೆ, ಮರಗಟ್ಟಿದರೆ, ನೋವು ತಾಳಲಾರದಷ್ಟು ಏರಿದರೆ ಯಾರು ಕಟ್ಟಿದ್ದರೂ ಒಡನೆಯೇ ಬಿಚ್ಚಿಸಬೇಕು. ಹೆಸರು, ವಿವರಗಳಿಲ್ಲದ ವಾತದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವ ಪ್ರಸಂಗಗಳುಂಟು. ಅವು ಎರಡೇ ದಿನದಲ್ಲಿ ನೋವನ್ನು ಅಡಗಿಸಿ, ವರ್ಷದಲ್ಲಿ ಎಲುಬನ್ನೇ ಜೊಳ್ಳು ಮಾಡುತ್ತವೆ. ನೋವುನಿವಾರಕ ಮಾತ್ರೆಗಳನ್ನು ಕೇಳುವವರಿಲ್ಲದೆ ನುಂಗುತ್ತ ಹೋದರೆ ಮೂತ್ರಪಿಂಡಕ್ಕೂ ಜಠರಕ್ಕೂ ಕೇಡು.

ಶಾಲೆಯ ಹೊಣೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಶೀಲಕ್ಕೆ ಹೇಗೋ ಬೆನ್ನೆಲುಬಿಗೂ ಹಾಗೆಯೇ ಸಲ್ಲುತ್ತದೆ. ಮಕ್ಕಳ ಪುಸ್ತಕದ ಚೀಲ ಅವರ ತೂಕದ ಶೇಕಡ 10ನ್ನು ಮೀರಬಾರದೆಂದು ಭಾರತ ಸರ್ಕಾರದ 2020ರ ಶಾಲಾಚೀಲ ನೀತಿ ಹೇಳುತ್ತದೆ. ಭಾರದ ಚೀಲದಿಂದ ಬೆನ್ನು ಶಾಶ್ವತವಾಗಿ ಸೊಟ್ಟಗಾಗುವುದೆಂಬುದಕ್ಕೆ ದೃಢ ಪ್ರಮಾಣವಿಲ್ಲದಿದ್ದರೂ ನೋವಿಗೂ ಬಳಲಿಕೆಗೂ ಅದು ಕಾರಣವಾಗುವುದು ಪ್ರತ್ಯಕ್ಷ. ನೆಲದ ಮೇಲೆ ಕುಳಿತು ಬರೆಯುವ ಮಕ್ಕಳಿಗೆ ಇಳಿಜಾರಾದ ಸಣ್ಣ ಬರೆಮಣೆಯೊಂದು ಕತ್ತಿನ ಭಾರವನ್ನು ಎಷ್ಟೋ ಇಳಿಸುತ್ತದೆ. ವ್ಯಾಯಾಮದ ತರಗತಿಯಲ್ಲಿ ಮುಂದಕ್ಕೆ ಬಗ್ಗಿಸಿದಾಗ ಬೆನ್ನಿನ ಒಂದು ಪಕ್ಕ ಎತ್ತರವಾಗಿ ಕಾಣುವ ಮಗುವನ್ನು, ವಿಶೇಷವಾಗಿ 10ರಿಂದ 15ರ ವಯಸ್ಸಿನ ಬಾಲಕಿಯನ್ನು, ವೈದ್ಯರಿಗೆ ತೋರಿಸಬೇಕು. ಆಟದ ವೇಳೆಯನ್ನು ಪಾಠಕ್ಕೆ ಕಸಿದುಕೊಳ್ಳುವುದೆಂದರೆ ಮಗುವಿನ ಎಲುಬಿನ ಸಂಚಯವನ್ನೇ ಕಸಿದುಕೊಂಡಂತೆ. ದಾನಿಗಳ ಔದಾರ್ಯದಿಂದ ಶಾಲೆಗಳಲ್ಲಿ ಕೊಠಡಿಗಳು ಎದ್ದಿವೆ. ಅದೇ ಔದಾರ್ಯ ಆಟದ ಬಯಲಿಗೆ, ಬರೆಮಣೆಗೆ, ಮಳೆನೀರಿನ ತೊಟ್ಟಿಗೆ, ವರ್ಷಕ್ಕೊಮ್ಮೆಯ ವೈದ್ಯ ತಪಾಸಣೆಗೆ ಹರಿದರೆ ಅದರ ಫಲ ಆ ಮಕ್ಕಳ ಮುಪ್ಪಿನವರೆಗೂ ನಿಲ್ಲುತ್ತದೆ. ಮಳೆಯ ನೀರಿನಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಅಲ್ಪ.

1970ರ, 1980ರ ದಶಕಗಳಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಒಂದು ಕಾಲು ಸಣಕಲಾಗಿ, ತೊಡೆಗೆ ಕೈಯೂರಿ ನಡೆಯುತ್ತಿದ್ದ ಸಹಪಾಠಿಯೊಬ್ಬನ ನೆನಪಿರಬೇಕು. ಅವನನ್ನೂ ವಾಯು ಹೊಡೆಯಿತೆಂದೇ ಹೇಳುತ್ತಿದ್ದರು. ಅದು ಪೋಲಿಯೋ, ಬೆನ್ನುಹುರಿಯ ನರಕೋಶಗಳನ್ನು ಕೊಲ್ಲುವ ವಿಷಾಣು. ಕಾರಣ ತಿಳಿಯಿತು, ಲಸಿಕೆ ಬಂದಿತು, ಊರೂರಿನ ಶಾಲೆಗಳೇ ಲಸಿಕೆಯ ಕೇಂದ್ರಗಳಾದವು, ಅಧ್ಯಾಪಕರೂ ಅಂಗನವಾಡಿಯ ತಾಯಂದಿರೂ ಮನೆಮನೆಗೆ ನಡೆದರು. ಭಾರತದಲ್ಲಿ ಸಹಜ ಪೋಲಿಯೋ ವಿಷಾಣುವಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ; 2014ರ ಮಾರ್ಚ್ 27ರಂದು ದೇಶವು ಪೋಲಿಯೋಮುಕ್ತವೆಂದು ಪ್ರಮಾಣಿತವಾಯಿತು. ಇಂದಿನ ತರಗತಿಗಳಲ್ಲಿ ಅಂಥ ಮಗು ಕಾಣುವುದಿಲ್ಲ. ಉಳಿದ ಬೇನೆಗಳೆಲ್ಲ ಹೀಗೆ ಅಳಿಯಲಾರವು. ಮುಪ್ಪು ಸವೆತಗಳು ಶರೀರಕ್ಕೆ ಸಹಜ. ಆದರೂ ನೋವೆಂದವನಿಗೆ ವಾಯುವೆಂದು ಉತ್ತರಿಸುವ ಮುನ್ನ, ಅದು ಸೆಳೆತವೋ ಊತವೋ ಜೋಮೋ, ಯಾವಾಗ ಮೊದಲಾಯಿತು, ಯಾವ ಹೊತ್ತಿನಲ್ಲಿ ಹೆಚ್ಚು ಎಂದು ನಾಲ್ಕು ಮಾತು ಕೇಳುವುದು ಯಾರಿಗೂ ಅಸಾಧ್ಯವಲ್ಲ. ಕಾಯಕಕ್ಕೆ ಕಾಯವೇ ಆಧಾರವಾಗಿರುವಾಗ ಅಷ್ಟು ವಿಚಾರಣೆ ಅದಕ್ಕೆ ಸಲ್ಲತಕ್ಕದ್ದೇ ಆಗಿದೆ.